ಡಿವಿಜಿ ನೆನಪಿನ ಗುರುತುಗಳು: ರಸ್ತೆ, ಪ್ರತಿಮೆ, ಶಾಲೆ

ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ ರಾಜಾಜಿಯವರು ಹುಟ್ಟಿದ ಮನೆ ಸ್ಮಾರಕವಾಗಿರುವುದು ಕೆಲಮಂಗಲದ ಸದಸ್ಯರಿಗೆಲ್ಲ ಗೊತ್ತು. ನಮ್ಮಂತೆಯೇ ಗಡಿಯೂರಿನಲ್ಲಿ ಹುಟ್ಟಿದ ಇನ್ನೊಬ್ಬ ಹಿರಿಯರು ಡಿ.ವಿ. ಗುಂಡಪ್ಪನವರು. ಅವರ ನೆನಪಿನ ಗುರುತುಗಳು ಎಲ್ಲೆಲ್ಲಿವೆ ಎಂಬುದನ್ನು ಈ ಬಾರಿ ತಿಳಿಸುತ್ತಿದ್ದೇವೆ.

ಡಿವಿಜಿ ಹುಟ್ಟಿದ್ದು 1887ರ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ‘ಮಂಕುತಿಮ್ಮನ ಕಗ್ಗ’ದ ಕವಿ ಎಂದು ಅವರನ್ನು ಎಲ್ಲರೂ ಬಲ್ಲರು. ಆದರೆ ಅವರಿಗೆ ಅನ್ನ ಕೊಟ್ಟ ವೃತ್ತಿ ಪತ್ರಿಕೋದ್ಯಮ. ಮೆಟ್ರಿಕ್ ದಾಟದ ಈ ಯುವಕ 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ಆರಂಭಿಸಿದರು. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಪತ್ರಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಪತ್ರಿಕೆಯ ಕೆಲಸ, ಹೊಣೆಗಳ ಬಗ್ಗೆ ‘ವೃತ್ತಪತ್ರಿಕೆ’ ಎಂಬ ಪುಸ್ತಕವನ್ನೂ ಬರೆದರು.

ಬೆಂಗಳೂರಿನ ಬಸವನಗುಡಿಯಲ್ಲಿ ಗಾಂಧಿಬಜಾರಿನ ಪಕ್ಕದ ರಸ್ತೆಗೆ ಅವರ ಹೆಸರಿದೆ. ಸ್ವಲ್ಪ ದೂರದ ಬ್ಯೂಗಲ್ ರಾಕ್ ಉದ್ಯಾನದಲ್ಲಿ ಅವರ ಪ್ರತಿಮೆಯಿದೆ. 1988ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು. ಪತ್ರಕರ್ತ ಡಿವಿಜಿಯವರನ್ನು ಕಾಣಬೇಕಾದರೆ ಬುಲ್ ಟೆಂಪಲ್ ರಸ್ತೆಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಹೋಗಬೇಕು. ಜನ ಓದಬೇಕು, ವಿಚಾರ ಮಾಡಬೇಕು, ಆಳುವವರನ್ನು ಪ್ರಶ್ನಿಸಬೇಕು ಎಂದು 1945ರಲ್ಲಿ ಅವರು ಕಟ್ಟಿದ ಸಂಸ್ಥೆ ಅದು. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ತಮಗೆ ಅರ್ಪಿಸಿದ ನಿಧಿಯನ್ನೂ ಅವರು ಅದಕ್ಕೇ ಕೊಟ್ಟುಬಿಟ್ಟರು.

ಮುಳಬಾಗಿಲಿನ ಅವರ ಮನೆ ಕನ್ನಡ ಶಾಲೆಯಾಯಿತು. ಎಲ್ಲ ಗುರುತುಗಳಲ್ಲಿ ಗಡಿಭಾಗದ ನಮಗೆ ಇದೇ ದೊಡ್ಡದಾಗಿ ಕಾಣುತ್ತದೆ. ಪ್ರತಿಮೆಗೆ ವರ್ಷಕ್ಕೊಂದು ಹಾರ ಹಾಕಿದರೆ ನಡೆಯುತ್ತದೆ. ಶಾಲೆಗೆ ಮಕ್ಕಳು ದಿನವೂ ಬರಬೇಕು. ನಮ್ಮ ಊರುಗಳಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ, ಆದರೆ ಕನ್ನಡ ಅಕ್ಷರ ಓದಲು ಬಾರದ ಮಕ್ಕಳಿದ್ದಾರೆ. ಅವರ ಪಾಲಿಗೆ ಕನ್ನಡದ ಫಲಕವೂ ಬರಿಯ ಕಲ್ಲೇ. ಓದಬಲ್ಲವರು ಇರುವ ತನಕವೇ ಫಲಕಕ್ಕೆ ಬಾಯಿ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಹೊಸೂರು, ಮಾಲೂರು, ಕೋಲಾರದ ದಾರಿಯಲ್ಲಿ ಮುಳಬಾಗಿಲಿಗೆ, ಇಲ್ಲವೇ ಬಸವನಗುಡಿಗೆ ಹೋದಾಗ ಮಕ್ಕಳನ್ನೂ ಕರೆದೊಯ್ಯಿರಿ. ಅಲ್ಲಿರುವ ಹೆಸರನ್ನು ಅವರಿಂದಲೇ ಓದಿಸಿ. ಬರುವ ಮಾರ್ಚ್ 17ರೊಳಗೆ ಮನೆಗೊಂದು ಮಗುವಾದರೂ ಕನ್ನಡ ಅಕ್ಷರ ಕಲಿಯಲಿ.