ಹಳೇ ಸೀಸ, ದೋಣಿಯ ತಳಕ್ಕೆ

ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಮೆಟಾಸೆಂಟರ್ ನೆನಪಿರಬೇಕು. ತೇಲುವ ವಸ್ತುವಿನ ಗುರುತ್ವ ಕೇಂದ್ರ ಈ ಬಿಂದುವಿಗಿಂತ ಕೆಳಗಿದ್ದರೆ, ಸ್ವಲ್ಪ ವಾಲಿದರೂ ಅದು ಮತ್ತೆ ನೆಟ್ಟಗಾಗುತ್ತದೆ, ಮೇಲಿದ್ದರೆ ಮಗುಚುತ್ತದೆ. ಪರೀಕ್ಷೆಗೆ ಇಷ್ಟು ಸಾಕು. ಆದ್ರೆ ಹಾಯಿದೋಣಿ ಇಟ್ಟುಕೊಂಡವರಿಗೆ ಇದು ಜೀವದ ಪ್ರಶ್ನೆ. ಹಾಯಿಗೆ ಗಾಳಿ ಬಡಿದಾಗ ದೋಣಿ ಪಕ್ಕಕ್ಕೆ ವಾಲುತ್ತೆ, ಅದನ್ನು ಎಳೆದು ನಿಲ್ಲಿಸೋಕೆ ತಳದಲ್ಲಿ ಭಾರ ಬೇಕು. ಈ ಭಾರಕ್ಕೇ ಬ್ಯಾಲಸ್ಟ್ ಅನ್ನೋದು. (ರೈಲು ಹಳಿ ಕೆಳಗಿನ ಜಲ್ಲಿಗೂ ಇದೇ ಹೆಸರು, ಗೊಂದಲ ಬೇಡ.)

ಭಾರ ತಾನೇ, ಕಲ್ಲೋ ಕಾಂಕ್ರೀಟೋ ಹಾಕಿದ್ರೆ ಆಗಲ್ವಾ? ಆಗುತ್ತೆ, ಹಿಂದೆ ಕಲ್ಲನ್ನೇ ತುಂಬ್ತಿದ್ದರು. ಆದ್ರೆ ಲೆಕ್ಕ ನೋಡಿ. 100 ಕೆ.ಜಿ. ಕಾಂಕ್ರೀಟಿಗೆ ಸುಮಾರು 42 ಲೀಟರ್ ಜಾಗ ಬೇಕು, ಎರಕದ ಕಬ್ಬಿಣಕ್ಕೆ 14. ಸೀಸಕ್ಕೆ 9 ಲೀಟರೂ ಬೇಡ. ಚಿಕ್ಕ ದೋಣಿಯ ತಳ ಇಕ್ಕಟ್ಟು; 42 ಲೀಟರ್ ತುಂಬಿದ್ರೆ ರಾಶಿ ಮೇಲಕ್ಕೇರುತ್ತೆ, ಜೊತೆಗೆ ಗುರುತ್ವ ಕೇಂದ್ರವೂ. ಭಾರ ಹಾಕಿದ ಉದ್ದೇಶವೇ ಅರ್ಧ ಕೆಟ್ಟಹಾಗೆ.

ಹೊಸ ಸೀಸ ದುಬಾರಿ. ಅದಕ್ಕೇ ಬ್ರಿಟನ್, ಅಮೆರಿಕಾಗಳಲ್ಲಿ ಮನೆಯಲ್ಲೇ ದೋಣಿ ಕಟ್ಟುವ ಹವ್ಯಾಸಿಗಳು ಗುಜರಿ ಹುಡುಕ್ತಾರೆ: ಹಳೇ ಚಾವಣಿಯ ಸಂದುಗಳಿಗೆ ಹೊದಿಸಿದ್ದ ಸೀಸದ ತಗಡು, ಕಿತ್ತು ಹಾಕಿದ ನೀರಿನ ಪೈಪು, ಟೈರ್ ಅಂಗಡಿಯ ವೀಲ್ ವೆಯ್ಟ್.

ವೀಲ್ ವೆಯ್ಟ್ ಕಥೆ ಸ್ವಾರಸ್ಯವಾಗಿದೆ. ಯುರೋಪಿನಲ್ಲಿ ಹೊಸ ಕಾರುಗಳ ಚಕ್ರಕ್ಕೆ ಸೀಸ ಹಾಕೋದು 2005ರಲ್ಲಿ ನಿಂತಿತು, ಹಾಗಾಗಿ ಈಗ ಡಬ್ಬದಲ್ಲಿ ಸತು, ಉಕ್ಕು ಎಲ್ಲ ಬೆರೆತಿರುತ್ತೆ. ಕೈಯಲ್ಲಿ ಆರಿಸೋದು ಬೇಸರದ ಕೆಲಸ. ಆದ್ರೆ ಸೀಸ ಕರಗೋದು 327 ಡಿಗ್ರಿ ಸೆಲ್ಸಿಯಸ್‌ಗೆ, ಸತು ಸುಮಾರು 420ಕ್ಕೆ. ಥರ್ಮಾಮೀಟರ್ ಇಟ್ಟು 370ರ ಆಸುಪಾಸಿನಲ್ಲಿ ಹಿಡಿದರೆ ಸತುವೂ ಉಕ್ಕಿನ ಕ್ಲಿಪ್ಪೂ ಕರಗದೆ ಮೇಲೆ ತೇಲುತ್ತವೆ, ಸೌಟಿನಲ್ಲಿ ಬೇಗ ತೆಗೆದುಬಿಡಬಹುದು. ಉಷ್ಣತೆ ಕಡಿಮೆ ಇದ್ದಷ್ಟೂ ಸೀಸದ ಆವಿಯೂ ಕಡಿಮೆ. ಒಂದೇ ಹತೋಟಿಯಿಂದ ಎರಡು ಲಾಭ!

ಎಲ್ಲರೂ ಹೆದರೋದು ಬಿಸಿಗೆ. ನಿಜವಾಗಿ ಹೆದರಬೇಕಾದ್ದು ನೀರಿಗೆ. ಕರಗಿದ ಸೀಸದೊಳಗೆ ಸಿಕ್ಕ ಒಂದು ಹನಿ ಕ್ಷಣದಲ್ಲಿ ಸುಮಾರು 1,600 ಪಟ್ಟು ಹಿಗ್ಗಿ ಹಬೆಯಾಗುತ್ತೆ, ಮೇಲಿನ ಸೀಸವನ್ನೆಲ್ಲ ಮುಖಕ್ಕೆ ಎರಚುತ್ತೆ. ಹಳೇ ಪೈಪಿನ ತುದಿ ಚಪ್ಪಟೆಯಾಗಿದ್ದರೆ ಒಳಗೆ ನೀರು ಕೂತಿರೋದು ಹೊರಗಿನಿಂದ ಗೊತ್ತೇ ಆಗಲ್ಲ. ಅದಕ್ಕೇ ಪೈಪನ್ನು ಸೀಳಿ, ಒಣಗಿಸಿ, ತಣ್ಣನೆಯ ಪಾತ್ರೆಗೇ ಹಾಕಿ ಒಟ್ಟಿಗೆ ಕಾಯಿಸ್ತಾರೆ. ಅಚ್ಚೂ ಒಣಗಿರಬೇಕು.

ಆವಿಯಷ್ಟೇ ಅಲ್ಲ, ಮೇಲೆ ಕಟ್ಟುವ ಬೂದಿ ಬಣ್ಣದ ಕೆನೆಯೂ ಅಪಾಯವೇ. ಅದು ಸೀಸದ ಆಕ್ಸೈಡ್. ಒಣಗಿ ಪುಡಿಯಾಗಿ ಬಟ್ಟೆಗೆ ಅಂಟಿ ಮನೆಗೆ ಬರುತ್ತೆ, ಹೆಚ್ಚು ಹೊಡೆತ ಬೀಳೋದು ಪುಟ್ಟ ಮಕ್ಕಳ ಮೆದುಳಿಗೆ. ಇಷ್ಟು ಸೀಸ ಮೈಗೆ ಸೇರಿದರೆ ಪರವಾಗಿಲ್ಲ ಅನ್ನುವಂಥ ಮಟ್ಟವೇ ಗೊತ್ತಿಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲಿ ಈ ಬಗ್ಗೆ ಎಚ್ಚರಿಸುತ್ತಾ ಬಂದವರು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್. ಹಾಗಾಗಿ ಕಾರ್ ಬ್ಯಾಟರಿಯ ಸೀಸವನ್ನು ಮನೆಯಲ್ಲಿ ಕರಗಿಸೋ ಯೋಚನೆಯೇ ಬೇಡ. ಅದರಲ್ಲಿ ಆಮ್ಲವಿದೆ, ಸಲ್ಫೇಟ್ ಇದೆ, ಫಲಕದ ಆಂಟಿಮನಿ, ಆರ್ಸೆನಿಕ್‌ಗಳಿಂದ ವಿಷಾನಿಲವೂ ಹುಟ್ಟಬಹುದು.

ನನ್ನನ್ನು ಕೇಳಿದ್ರೆ, ಚಿಕ್ಕ ದೋಣಿಗೆ ಕರಗಿಸೋದೇ ಬೇಡ. ಚಾವಣಿ ತಗಡನ್ನು ಕೈಗವಸು ಹಾಕಿಕೊಂಡು ಕತ್ತರಿಸಿ, ಬಿಗಿಯಾಗಿ ಮಡಚಿ ತಳಕ್ಕೆ ಕೂರಿಸಬಹುದು. ಇಲ್ಲವೇ ಸೀಸದ ಗುಂಡುಗಳನ್ನು ಎಪಾಕ್ಸಿಯಲ್ಲಿ ಕಲಸಿ ಸುರಿಯಬಹುದು. ನಮ್ಮ ಕರಾವಳಿಯ ಬೀಸುಬಲೆಯ ಅಂಚಿಗೆ ಕಟ್ಟೋ ಸೀಸದ ಮಣಿ ನೋಡಿದ್ದೀರಲ್ಲ, ಹೆಚ್ಚುಕಮ್ಮಿ ಅಂಥದ್ದೇ. ಗುಂಡುಗಳ ನಡುವೆ ಸಂದು ಉಳಿಯೋದ್ರಿಂದ ಸಾಂದ್ರತೆ ಇಳಿಯುತ್ತೆ, ಆದರೂ ಕಾಂಕ್ರೀಟಿಗಿಂತ ಎಷ್ಟೋ ಮೇಲು.

ಎರಕ ಹೊಯ್ಯೋದೇ ಆದ್ರೆ, ಒಬ್ಬರು ಎತ್ತುವಂತೆ 10-12 ಕೆ.ಜಿ.ಯ ಗಟ್ಟಿಗಳು ಸಾಕು. ಬಣ್ಣ ಅಥವಾ ಎಪಾಕ್ಸಿ ಬಳಿಯದೆ ಒಳಗಿಡಬಾರದು, ಇಲ್ಲದಿದ್ದರೆ ತಳದಲ್ಲಿ ನಿಂತ ನೀರಿಗೆ ಸೀಸ ಸೇರುತ್ತೆ. ಅಲ್ಯೂಮಿನಿಯಂ ದೋಣಿಯಾದರೆ ನಡುವೆ ರಬ್ಬರೋ ಪ್ಲಾಸ್ಟಿಕ್ಕೋ ಬೇಕೇಬೇಕು. ಉಪ್ಪುನೀರಲ್ಲಿ ಇವೆರಡೂ ಮುಟ್ಟಿಕೊಂಡರೆ ಸವೆಯೋದು ಅಲ್ಯೂಮಿನಿಯಂ. ಕೊನೆಗೆ ಪ್ರತಿ ಗಟ್ಟಿಯನ್ನೂ ಪಟ್ಟಿ, ಬೋಲ್ಟ್ ಹಾಕಿ ಬಿಗಿಯಬೇಕು. ದೋಣಿ ವಾಲಿದಾಗ ಬಿಡಿ ಗಟ್ಟಿಗಳು ಜಾರೋದು ವಾಲಿದ ಕಡೆಗೇ.