ಹಣೆಗೆ ಬೂದಿ, ಮುಖಕ್ಕೆ ನೀರು

ಬೂದಿ ಬುಧವಾರದಂದು ಕ್ಯಾಥೊಲಿಕರ ಹಣೆಗೇರುವುದು ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟ ಬೂದಿ. ಅಲ್ಲಿಂದ 40 ದಿನಗಳ ತಪಸ್ಸುಕಾಲ ಆರಂಭ. ಸ್ವಾರಸ್ಯವೆಂದರೆ, ಅದೇ ಪೂಜೆಯಲ್ಲಿ ಓದುವ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಯೇಸು, ಉಪವಾಸವಿರುವವರು ಮುಖ ತೊಳೆದುಕೊಳ್ಳಲಿ, ಜನರಿಗೆ ಕಾಣಲೆಂದು ಮುಖ ಬಾಡಿಸಿಕೊಂಡು ತಿರುಗುವುದು ಬೇಡ ಎನ್ನುತ್ತಾರೆ.

1983ರ ಧರ್ಮಸಭೆಯ ಕಾನೂನಿನಂತೆ ಮಾಂಸತ್ಯಾಗ 14 ತುಂಬಿದವರಿಗೆ, ಉಪವಾಸ 18 ತುಂಬಿದವರಿಗೆ. ಹಾಗಾದರೆ ಚಿಕ್ಕ ಮಕ್ಕಳಿಗೆ ರಜೆಯೇ? ಅಲ್ಲ. ಅವರಿಗೆ ತಪಸ್ಸಿನ ನಿಜವಾದ ಅರ್ಥ ಕಲಿಸುವ ಹೊಣೆಯನ್ನು ಅದೇ ಕಾನೂನು ಗುರುಗಳೊಂದಿಗೆ ತಂದೆತಾಯಿಗೂ ವಹಿಸಿದೆ. ಚಾಕೊಲೇಟು ಬಿಡಿಸುವುದು ಸುಲಭ. ಮಾತು ಬಿಟ್ಟ ಗೆಳೆಯನ ಮನೆಗೆ ಪರೀಕ್ಷೆಗೆ ಮುನ್ನ ತಾನಾಗಿಯೇ ಹೋಗಿ ನೋಟ್ಸ್ ಕೊಟ್ಟುಬರುವುದು ಕಷ್ಟ. ಮಗ ಅದನ್ನು ಮನೆಯಲ್ಲಿ ಹೇಳದಿದ್ದರೆ ಅಪ್ಪ ಅಮ್ಮನಿಗೆ ಗೊತ್ತಾಗುವುದೂ ಇಲ್ಲ.