ಡೈವರ್‌ಗಳ ಚೇಂಬರಿನಲ್ಲಿ ನಮ್ಮ ಅಕ್ಕ

ಕಳೆದ ವರ್ಷ ರಾಜ್ಯೋತ್ಸವದ ತಯಾರಿಯಲ್ಲಿದ್ದಾಗ ನಮ್ಮ ಸಂಘದ ಅಕ್ಕ ಒಬ್ಬರಿಗೆ ಸ್ತನ ಕ್ಯಾನ್ಸರಿನ ಆಪರೇಷನ್ ಆಯಿತು. ಗಡ್ಡೆಯೇನೋ ಹೋಯಿತು. ಆದರೆ ಡ್ರೆಸ್ಸಿಂಗ್ ಬಿಚ್ಚಿದಾಗ ಹೊಲಿಗೆಯ ಪಕ್ಕದ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಹೈಪರ್‌ಬೇರಿಕ್ ಆಕ್ಸಿಜನ್ ಚಿಕಿತ್ಸೆ ಎಂದಾಗ, ಕಡಲ ರಿಗ್ಗಿನಲ್ಲಿ ದುಡಿಯುವ ಅವರ ಯಜಮಾನರು, "ಅದು ಡೈವರ್‌ಗಳನ್ನು ಕೂರಿಸುವ ಚೇಂಬರ್ ಅಲ್ಲವೇ?" ಎಂದು ಗಾಬರಿಯಾದರು.

ಅವರು ಹೇಳಿದ್ದು ಸರಿಯೇ. ಆಳದಿಂದ ಬೇಗನೆ ಮೇಲೆದ್ದ ಡೈವರ್‌ಗಳ ಮೈಯಲ್ಲಿ ನೈಟ್ರೋಜನ್ ಗುಳ್ಳೆ ಏಳುತ್ತದೆ. ಅದಕ್ಕೆ ಮದ್ದು ಇದೇ ಚೇಂಬರ್. ಗಾಯಕ್ಕೆ ಅದು ಒದಗುವ ಬಗೆ ಬೇರೆ. ಸ್ತನ ತೆಗೆಯುವಾಗ ಚರ್ಮವನ್ನು ಒಳಗಿನ ಅಂಗಾಂಶದಿಂದ ಬಿಡಿಸುತ್ತಾರೆ. ಅದಕ್ಕೆ ರಕ್ತ ತರುತ್ತಿದ್ದ ಸಣ್ಣ ನಾಳಗಳು ಎಷ್ಟೋ ಕಡಿದುಹೋಗುತ್ತವೆ. ಉಳಿದವು ತರುವ ಆಕ್ಸಿಜನ್ ಸಾಲದಿದ್ದರೆ ಚರ್ಮ ಸಾಯುತ್ತದೆ. ಚೇಂಬರಿನಲ್ಲಿ ಒತ್ತಡವನ್ನು ಎರಡು ಪಟ್ಟಿಗೆ, ಕೆಲವೊಮ್ಮೆ ತುಸು ಹೆಚ್ಚಿಗೆ ಏರಿಸಿ ಶುದ್ಧ ಆಕ್ಸಿಜನ್ ಉಸಿರಾಡಿಸುತ್ತಾರೆ. ಆಗ ಸೋಡಾ ಬಾಟಲಿಯಲ್ಲಿ ಗ್ಯಾಸ್ ಕರಗಿದಂತೆ ರಕ್ತದ ನೀರಿನಂಶದಲ್ಲೇ ಆಕ್ಸಿಜನ್ ಕರಗಿ ಬಡ ಚರ್ಮಕ್ಕೂ ತಲುಪುತ್ತದೆ. 1960ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸರ್ಜನ್ ಬೂರೆಮಾ, ಕೆಂಪು ರಕ್ತಕಣಗಳನ್ನು ಬಹುಮಟ್ಟಿಗೆ ತೆಗೆದ ಹಂದಿಗಳನ್ನು ಇಂಥ ಒತ್ತಡದಲ್ಲಿ ಬದುಕಿಸಿ ತೋರಿಸಿದ್ದರು.

ಹಾಗೆಂದು ಇದು ಪವಾಡವಲ್ಲ. ಸತ್ತು ಕಪ್ಪಾದ ಚರ್ಮ ಮರಳದು. ಜೀವ ಹಿಡಿದುಕೊಂಡಿರುವುದನ್ನು ಉಳಿಸಬಹುದು, ಅಷ್ಟೇ. ಸ್ತನದ ಚರ್ಮದ ಮೇಲೆ ನಡೆದ ಅಧ್ಯಯನಗಳೂ ಚಿಕ್ಕವೇ. ಆದ್ದರಿಂದಲೇ ದಿನಗಳ ಲೆಕ್ಕ ಮುಖ್ಯ. ನಮ್ಮ ಅಕ್ಕನಿಗೆ ಇನ್ಶೂರೆನ್ಸಿನವರು ಮೊದಲು ಒಪ್ಪಲಿಲ್ಲ. ಡಾಕ್ಟರ ಪತ್ರ, ಗಾಯದ ಫೋಟೋ ಕಳಿಸಿ, ಫೋನು ಹಚ್ಚಿ ಅಪ್ರೂವಲ್ ತರುವಷ್ಟರಲ್ಲಿ ಎರಡು ದಿನ ಹೋಗಿತ್ತು. ಆ ಎರಡು ದಿನ ನಮಗೆ ಇಂದಿಗೂ ಕೊರೆಯುತ್ತದೆ.

ಆಮೇಲೆ ದಿನಕ್ಕೆ ಸುಮಾರು 90 ನಿಮಿಷದಂತೆ 20 ಸಲ. ಸರದಿಯಲ್ಲಿ ಕಾರು ಓಡಿಸಿದೆವು. ಒಳಗೆ ಹತ್ತಿಯ ಗೌನು ಮಾತ್ರ. ಮೊಬೈಲು, ತಲೆಗೆಣ್ಣೆ, ಅತ್ತರು ಏನೂ ಇಲ್ಲ. ಆಕ್ಸಿಜನ್ ತುಂಬಿದ ಕಡೆ ಒಂದು ಕಿಡಿ ಸಾಕು. ವಿಮಾನ ಇಳಿಯುವಾಗಿನಂತೆ ಕಿವಿ ಕಟ್ಟುತ್ತದೆ, ಎಂಜಲು ನುಂಗುತ್ತಿರಬೇಕು. ಕೆಲವರಿಗೆ ಕೆಲಕಾಲ ದೂರದ್ದು ಮಸುಕಾಗುತ್ತದೆ. ಸಕ್ಕರೆ ಕಾಯಿಲೆ, ಶ್ವಾಸಕೋಶದ ತೊಂದರೆ, ಈಗಾಗಲೇ ಪಡೆದ ಕೀಮೋ ಔಷಧಿ, ಇವನ್ನೆಲ್ಲ ಮೊದಲೇ ಹೇಳಬೇಕು. ಮನೆಯಲ್ಲಿ ಸಿಗರೇಟು ಸೇದುವವರಿದ್ದರೆ ಹೊರಗೆ ಕಳಿಸಿ. ಹೊಗೆ ಆ ಸಣ್ಣ ನಾಳಗಳನ್ನೇ ಕುಗ್ಗಿಸುತ್ತದೆ.

ಕೊನೆಗೆ ಒಂದು ದಿರ್ಹಮ್ ನಾಣ್ಯದಷ್ಟು ಅಂಚು ಕಪ್ಪಾಗಿ ತೆಗೆಯಬೇಕಾಯಿತು. ಉಳಿದ ಚರ್ಮ ಹಿಡಿಯಿತು. ಯಜಮಾನರು ರಿಗ್ಗಿಗೆ ಮರಳಿದ್ದಾರೆ. ಅಲ್ಲಿನ ಡೈವರ್‌ಗಳಿಗೆ ಅಕ್ಕನ ಕಥೆ ಹೇಳಿದರೆ ಮೊದಲಿಗೆ ಯಾರೂ ನಂಬಲಿಲ್ಲವಂತೆ.